ರೇಡಿಯೊನ ಎರಡು ಡಬ್ಬಿಗಳು

ಬೀದಿಯ ಮೂಲೆಯಲ್ಲಿದ್ದ ಒಂಟಿ ಕುರ್ಚಿಯ ಕಟಿಂಗ್ ಶಾಪಿನ ಚಕ್ರವರ್ತಿಗೆ ಗಿರಾಕಿಗಳು ಇಟ್ಟ ಹೆಸರು ರೇಡಿಯೊ. ಕೊರಳಿಗೆ ಬಿಳಿ ಬಟ್ಟೆ ಬಿತ್ತೆಂದರೆ ಪ್ರಸಾರ ಶುರು. ಅರ್ಧ ಕತ್ತರಿಸಿದ ತಲೆ ಹೊತ್ತು ಓಡಿಹೋಗುವ ಗಂಡು ಇನ್ನೂ ಹುಟ್ಟಿರಲಿಲ್ಲ.

ಈಚೆಗೆ ಗಿರಾಕಿ ಕಡಿಮೆಯಾಗಿದ್ದರು. ಅಂಗಡಿಯ ಟವೆಲು ಒಗೆದು ಮಡಚುವ ಹೆಂಡತಿಗೆ ಕಾರಣ ಗೊತ್ತಿತ್ತು.

"ನಿಮ್ಮ ಬಾಯಿ ಕಣ್ರೀ."

"ಜನ ಕೊಡೋ ದುಡ್ಡಲ್ಲಿ ಅರ್ಧ ಈ ಕೈಗೆ, ಅರ್ಧ ಈ ಬಾಯಿಗೆ ಕಣೇ!"

ಕುರ್ಚಿಯಲ್ಲಿದ್ದ ಅರ್ಥಶಾಸ್ತ್ರದ ಮೇಷ್ಟ್ರು ಸೋಪಿನ ನೊರೆಯೊಳಗಿಂದ ತೀರ್ಪಿತ್ತರು: "ಜಗಳ ಯಾಕೆ? ಪ್ರಯೋಗ ಮಾಡಿ. ಬೆಳಿಗ್ಗೆ ಮಾತು, ಮಧ್ಯಾಹ್ನ ಮೌನ. ಮಾರನೇ ದಿನ ಅದಲು ಬದಲು. ಮಿಕ್ಕಿದ್ದೆಲ್ಲ ಹಾಗೇ ಇರ್ಬೇಕು, ಅದೇ ಕತ್ತರಿ, ಅದೇ ಪೌಡರು. ದುಡ್ಡು ಎಷ್ಟು ಅನ್ನೋದು ಗಿರಾಕಿ ಇಷ್ಟ."

"ಮೌನ ಗೆದ್ರೆ ಜನ್ಮಪೂರ್ತಿ ಬಾಯಿ ಮುಚ್ಕೊಂಡು ಕೆಲಸ ಮಾಡ್ಬೇಕು," ಎಂದಳು ಹೆಂಡತಿ. ರೇಡಿಯೊ ಮೀಸೆ ತಿರುವಿ ಒಪ್ಪಿದ. ಖಾಲಿ ಪೌಡರ್ ಡಬ್ಬಿಗಳೆರಡು ಬಂದವು, ಮಾತಿಗೊಂದು, ಮೌನಕ್ಕೊಂದು.

ಮೌನದ ಹೊತ್ತು ಅವನ ಪಾಲಿಗೆ ರಣರಂಗ. ಪಕ್ಕದ ಟೈಲರ್ ಮನೆಯ ಜಗಳ ನಾಲಿಗೆ ತುದಿಗೆ ಬಂದು ಕುಣಿಯುತ್ತಿತ್ತು. ನಮ್ಮ ವೀರ ಬಾಚಣಿಗೆ ಕಚ್ಚಿಕೊಂಡು ತಡೆದ. ಗಾಬರಿಯಾದ ಗಿರಾಕಿಯೊಬ್ಬ, "ಯಾಕಯ್ಯಾ, ಮನೇಲಿ ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿ, ಮರುಕದಿಂದ ಎರಡರಷ್ಟು ಹಾಕಿಹೋದ.

ವಾರ ಕಳೆದ ಮೇಲೆ ಮೇಷ್ಟ್ರ ಎದುರಿಗೇ ಡಬ್ಬಿಗಳನ್ನು ಸುರಿದರು. ಮೌನದ ಗುಡ್ಡೆ ದೊಡ್ಡದಿತ್ತು. ಮಾತಿನದರಲ್ಲಿ ಬರೀ ಚಿಲ್ಲರೆ, ನಡುವೆ ಒಂದೇ ಒಂದು ದೊಡ್ಡ ನೋಟು.

"ನೋಡಿ! ನನ್ನ ಕಲೆಗೂ ಒಬ್ಬ ರಸಿಕ ಇದ್ದಾನೆ!" ಎಂದು ನೋಟೆತ್ತಿದವನ ಬಾಯಿ ತಾನಾಗಿ ಮುಚ್ಚಿತು. ನೋಟನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ ಮೂಲೆಯನ್ನು ಒಳಗೆ ಸಿಕ್ಕಿಸಲಾಗಿತ್ತು, ಕಪಾಟಿನಲ್ಲಿದ್ದ ಅಷ್ಟೂ ಟವೆಲುಗಳ ಹಾಗೆ.

"ಪಂದ್ಯ ಕಟ್ಟಿದೋಳೂ ನೀನೇ, ನನ್ನ ಡಬ್ಬಿಗೆ ಹಾಕಿದೋಳೂ ನೀನೇನೇ?"

ಹೆಂಡತಿ ಗೋಡೆ ನೋಡಿದಳು. "ನೀವು ಸಪ್ಪೆ ಮುಖ ಹಾಕ್ಕೊಂಡ್ರೆ ಮನೇಲಿ ನೋಡ್ಬೇಕಾದೋಳು ನಾನೇ ತಾನೆ?"

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಮನೆಯೋರ ಕೈ ಸೇರಿದ ಮೇಲೆ ಪ್ರಯೋಗ ಕೆಟ್ಟ ಹಾಗೇ. ಇಲ್ಲಿ ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ!"

ಅಷ್ಟು ಸಾಕಾಯಿತು. ರೇಡಿಯೊ ಬಿಳಿ ಬಟ್ಟೆ ಕೊಡವಿ ಮೇಷ್ಟ್ರ ಕೊರಳಿಗೇ ಬಿಗಿದ. "ಕೂತ್ಕೊಳ್ಳಿ ಮೇಷ್ಟ್ರೇ. ವಾರದಿಂದ ತುಂಬ್ಕೊಂಡಿದೆ. ಆ ಟೈಲರ್ ಮನೆ ಜಗಳ ಇದ್ಯಲ್ಲ..."

ಬಟ್ಟೆಯಡಿ ಮೇಷ್ಟ್ರು ಮೆಲ್ಲಗೆ ಜೇಬಿಗೆ ಕೈ ಹಾಕಿದರು. ಕಣ್ಣು ಮೌನದ ಡಬ್ಬಿ ಎಲ್ಲಿದೆಯೆಂದು ಹುಡುಕುತ್ತಿತ್ತು.