ಹನುಮಪ್ಪನ ಕೈಗೆ ಭಂಡಾರ ಮುಟ್ಟಿಸಿದ್ದು

ಮೋಟಾರು ರಿಪೇರಿಯ ಹನುಮಪ್ಪನನ್ನು ಕಳ್ಳನೆಂದು ಸಾರಿದವನು ನಾನೇ. ಅವನು ಏನನ್ನೂ ಕದ್ದಿರಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಆದರೂ ಇದನ್ನು ನನ್ನ ಕೈಯಿಂದಲೇ ಬರೆಯಬೇಕು.

ಹೂವಿನಹಡಗಲಿ ಹತ್ತಿರದ ನಮ್ಮ ಮಲ್ಲಿಗೆ ತೋಟದ ಮೋಟಾರು ಒಂದು ದಿನ ಗುಂಯ್ ಅಂದಿತೇ ಹೊರತು ತಿರುಗಲಿಲ್ಲ. ಹನುಮಪ್ಪ ಬಂದು, ಮೋಟಾರು ತಿರುಗಲು ದಮ್ಮು ಕೊಡುವ ಕಂಡೆನ್ಸರ್ ಡಬ್ಬಿ ಬಿಚ್ಚಿದ. ಡಬ್ಬಿ, ಬಲ್ಬು ಎರಡನ್ನೂ ಒಂದೇ ಸಾಲಿಗೆ ಜೋಡಿಸಿ ಪ್ಲಗ್ಗಿಗೆ ಕೊಟ್ಟ. ಬಲ್ಬು ಮಂಕಾಗಿ ಉರಿಯಿತು.

"ದಮ್ಮು ಕಡಿಮಿ ಆಗೈತ್ರಿ ಮಾವಾ, ಹೊಸಾದು ಹಾಕಬೇಕು," ಎಂದು ಹಳೆಯದನ್ನು ಚೀಲಕ್ಕೆ ಹಾಕಿಕೊಂಡ.

ನನ್ನ ಕಣ್ಣು ಆ ಚೀಲದ ಮೇಲೆಯೇ. ಹಿಂದೊಮ್ಮೆ ಅವನೇ ಇಂಥ ಡಬ್ಬಿ ಸೀಳಿ ತೋರಿಸಿದ್ದ — ಒಳಗೆ ಎರಡು ತೆಳು ತಗಡು, ಒಂದಕ್ಕೊಂದು ಮುಟ್ಟುವುದೇ ಇಲ್ಲ. ಮುಟ್ಟದಿದ್ದರೆ ಕರೆಂಟು ದಾಟಿದ್ದು ಹೇಗೆ? ದಾಟಿದ ಮೇಲೆ ಕೆಟ್ಟಿದೆ ಎನ್ನುವುದೇಕೆ? ಒಳ್ಳೆಯದನ್ನೇ ಒಯ್ದು ಬೇರೆಯವರಿಗೆ ಮಾರಿದರೆ —

ಮೈಲಾರಲಿಂಗನ ಭಂಡಾರ ತಂದೆ. ಆ ಅರಿಶಿಣ ಮುಟ್ಟಿಸಿ ಆಣೆ ಮಾಡಿಸಿದರೆ, ಆಣೆ ನಿಜವಾದರೂ ಮನುಷ್ಯನ ಹೆಸರು ಹೋದಂತೆಯೇ. ಅದು ಗೊತ್ತಿದ್ದೂ ಓಣಿಯವರನ್ನೆಲ್ಲ ಕರೆದೆ.

"ಮುಟ್ಟಲೇ. ಕದ್ದಿಲ್ಲಂದ್ರ ಅಂಜಿಕಿ ಯಾಕ?"

"ಮುಟ್ತೀನ್ರಿ ಮಾವಾ. ಇನ್ನ ನಿಮ್ಮ ಓಣಿಗೆ ಕಾಲಿಡಂಗಿಲ್ಲ."

ಮುಟ್ಟಿದ. ಹೊಸ ಡಬ್ಬಿ ಹಾಕಿ, ಮೋಟಾರು ಚಾಲೂ ಮಾಡಿಯೇ ಹೋದ. ನೀರು ಬಂದಾಗಲೂ ನಾನು ತಪ್ಪೊಪ್ಪದೆ, ಮಡಿಗೆ ನೀರು ತಿರುವಲು ಹೋದೆ. ಸುತ್ತಲಿನ ತೋಟದವರೂ ಅವನನ್ನು ಕರೆಯುವುದು ಬಿಟ್ಟರು.

ಈಗ ನನ್ನ ಮೊಮ್ಮಗಳು ಸುಜಾತಾ ಡಿಪ್ಲೊಮಾ ಓದುತ್ತಾಳೆ. ನಮ್ಮ ವಂಶದವರು ಮಾಡಿದ್ದು ಕುರಿಯ ಲೆಕ್ಕ. ಇವಳು ಕರೆಂಟಿನ ಲೆಕ್ಕ ಮಾಡುತ್ತಾಳೆ! ಕಂಡಕಂಡವರಿಗೆ ಹೇಳಿದರೂ ನನಗೆ ಸಾಲದು. ಮೊನ್ನೆ ಅವಳೂ ಅಂಥದೇ ಡಬ್ಬಿಗೆ ಬಲ್ಬು ಜೋಡಿಸಿ ಉರಿಸಿದಳು.

"ಇದರಾಗ ಏನೋ ಮೋಸ ಐತಿ," ಎಂದೆ.

"ಮೋಸ ನಿನ್ನ ತಲ್ಯಾಗ ಐತಿ ಯಜ್ಜಾ! ಮನಿ ಕರೆಂಟು ಹೋಗಿ ಬಂದು ಮಾಡತೈತಿ. ತಗಡು ತುಂಬತಾವ, ಖಾಲಿ ಆಗತಾವ. ಆ ಓಡಾಟಕ್ಕ ಬಲ್ಬು ಉರೀತೈತಿ, ನಡುವ ದಾಟಬೇಕಂತಿಲ್ಲ. ಬ್ಯಾಟರಿದು ಒಂದೇ ಕಡಿ ಹರೀತೈತಿ, ಅದಕ್ಕ ಹಚ್ಚಿದ್ರ ಉರಿಯಂಗಿಲ್ಲ, ನೋಡು. ಬರೇ ಬಲ್ಬಿದ್ರ ವೋಲ್ಟು, ಕರೆಂಟು ಕೂಡೇ ನಡೀತಾವ. ಡಬ್ಬಿ ಸೇರಿತಂದ್ರ ಕರೆಂಟು ಮುಂದ — ಹಿಂಡಿನ ಮುಂದಿನ ಹೋತದಂಗ."

"ಮಂಕಾಗಿ ಉರಿದ್ರ?"

"ಡಬ್ಬಿ ಹಳೇದಾಗೈತಿ. ತುಂಬೋದು ಕಡಿಮಿ."

ಹನುಮಪ್ಪ ಅಂದು ಹೇಳಿದ್ದೂ ಇದನ್ನೇ. ಅವಳನ್ನು ತಬ್ಬಿಕೊಂಡು ಅತ್ತೆ. ಸಂತೋಷಕ್ಕೆ ಅಂದುಕೊಂಡಳು. ಅದೂ ಅರ್ಧ ನಿಜವೇ — ಇನ್ನರ್ಧ ಹೇಳಲಿಲ್ಲ.

ಮರುದಿನ ಬಸ್ಸು ಹಿಡಿದು ಹನುಮಪ್ಪನ ಊರಾದ ತೆಲಿಗಿಗೆ ಹೋದೆ. ಅವನು ಯಾವುದೋ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಎಲ್ಲ ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡ. ಆ ತಂತಿ ಸುತ್ತುವುದರಲ್ಲೂ ನನ್ನ ಹಾಳು ಮನಸ್ಸು ಏನೋ ಮೋಸ ಹುಡುಕುತ್ತಿತ್ತು.

"ನಾ ಕದ್ದಿಲ್ಲಂತ ನನಗ ಗೊತ್ತಿತ್ರಿ ಮಾವಾ," ಎಂದ ಕೊನೆಗೆ. "ನನ್ನ ಮುಂದ ಯಾಕ ಹೇಳ್ತೀರಿ?"

ಅದಕ್ಕೇ ಬರೆದೆ. ಇದನ್ನು ಓಣಿಯಲ್ಲಿ ಗಟ್ಟಿಯಾಗಿ ಓದಬೇಕು. ಸುಜಾತಾ ಊರಿನಲ್ಲಿಲ್ಲದ ದಿನ ಓದೋಣ ಎಂದುಕೊಂಡಿದ್ದೆ — ಬೇಡ. ಅವಳು ಎದುರಿಗೇ ಕೂತಿರಲಿ.