ಎರಡು ಎಸಳು ಕಡಿಮೆಯಿದ್ದ ಟೊಮೆಟೊ

ರಾಣೆಬೆನ್ನೂರಿಗೆ ಬಂದ ವಾರದಲ್ಲೇ, ಕುಪ್ಪೇಲೂರಿನ ದಾರಿಯ ಹೊಲವೊಂದರಲ್ಲಿ ಚೆನ್ನಾಗಿ ಹಣ್ಣಾದ ಟೊಮೆಟೊಗಳನ್ನು ಪೀಪಾಯಿಗೆ ಸುರಿದು ಹಿಸುಕುವುದನ್ನು ಕಂಡೆ. ಬೀಜವನ್ನು ತೊಳೆದು ಜಾಲರಿಯ ಮೇಲೆ ಹರಡಿದರು. ತಿರುಳೆಲ್ಲ ಗುಂಡಿಗೆ ಹೋಯಿತು. ಮೈಸೂರಿನಲ್ಲಿ ಒಂದು ಮೆತ್ತಗಿನ ಹಣ್ಣಿಗೂ ತಳ್ಳುಗಾಡಿಯವರೊಡನೆ ವಾದಿಸುತ್ತಿದ್ದ ನಾನು ಆ ಗುಂಡಿಯ ಅಂಚಿಗೆ ಹೋಗಿ ಬಗ್ಗಿ ನೋಡಿದೆ. ಇದು ಬೀಜದ ಊರು. ಇಲ್ಲಿ ಹಣ್ಣೆಂದರೆ ಬೀಜದ ಸಿಪ್ಪೆ.

ಪತ್ರಿಕೆ ನನ್ನನ್ನು ಹಾವೇರಿ ಜಿಲ್ಲೆಯ ವರದಿಗೆಂದು ಕಳಿಸಿತ್ತು. ಬ್ಯಾಡಗಿ ಮಾರುಕಟ್ಟೆಯಿಂದ ಹಿಂತಿರುಗಿದರೆ ಅಂಗಿಯಲ್ಲಿ ಮೂರು ದಿನ ಮೆಣಸಿನಕಾಯಿಯ ಘಾಟು. ಅಲ್ಲಿನ ಹಮಾಲರಿಗೆ ಕೆಮ್ಮಿಲ್ಲ, ನನಗೆ ಮಾತೇ ಹೊರಡುತ್ತಿರಲಿಲ್ಲ. 'ಲಗೂ ಬರ್ರಿ' ಎಂದರೆ ಬೇಗ ಬನ್ನಿ ಎಂದು ತಿಳಿದುಕೊಂಡೆ. ನಾನು 'ಬನ್ನಿ' ಎಂದರೆ ಚಹಾ ಅಂಗಡಿಯವರು ನಕ್ಕು ಅದನ್ನೇ ಅನುಕರಿಸುತ್ತಿದ್ದರು. ಮೈಸೂರಿನ ಮನೆಗೆ ಹಿತ್ತಲಿತ್ತು. ಇಲ್ಲಿ ಮಹಡಿಯ ಎರಡು ಕೋಣೆ, ತಾರಸಿಯ ಮೇಲೆ ಮಣ್ಣು ಇಡಕೂಡದೆಂಬ ಮಾಲೀಕರ ಷರತ್ತು. ಹಾಗಾಗಿ ಒಳಗಿನ ಕೋಣೆಯಲ್ಲಿ ನೀರಿನ ಟಬ್ ಇಟ್ಟೆ. ಗೊಬ್ಬರ ಕರಗಿಸಿದ ನೀರು, ಅದರಲ್ಲಿ ಗುಳುಗುಳು ಎನ್ನುವ ಗಾಳಿಯ ಪಂಪು, ಮೇಲೆ ಬಿಳಿ ದೀಪ, ಸೂರಿನಿಂದ ಇಳಿಬಿಟ್ಟ ದಾರಕ್ಕೆ ಹಬ್ಬಿದ ಮೂರು ಟೊಮೆಟೊ ಗಿಡ. ಅಂಗೈ ತುಂಬುವ ದೊಡ್ಡ ಹಣ್ಣಿನ ಜಾತಿ. ಗಿಡ ನನ್ನೆತ್ತರ ಬೆಳೆಯಿತು, ಹೂ ಬಿಟ್ಟಿತು. ಒಂದೂ ಕಾಯಿ ಕಟ್ಟದೆ ಉದುರಿತು.

ಹಿಂದಿನ ಓಣಿಯ ಗಂಗವ್ವ ದಿನವೂ ಕೆಲಸಕ್ಕೆ ಹೋಗುವ ಮುನ್ನ ನನಗೆ ಜೋಳದ ರೊಟ್ಟಿ ಕೊಟ್ಟು ಹೋಗುತ್ತಿದ್ದರು. ಅವರದು ಕ್ರಾಸಿಂಗ್ ಕೆಲಸ: ಒಂದು ಜಾತಿಯ ಹೂವಿನ ಪರಾಗವನ್ನು ಇನ್ನೊಂದು ಜಾತಿಯ ಹೂವಿಗೆ ಕೈಯಿಂದ ಮುಟ್ಟಿಸುವುದು. ಮದುವೆಯಾಗಿ ಬಂದಾಗಿನಿಂದ ಅದನ್ನೇ ಮಾಡಿದ್ದರು. ಒಂದು ಬೆಳಿಗ್ಗೆ ಒಳಗೆ ಇಣುಕಿದರು.

"ದೀಪಾ ಹಚ್ಚಿ ಪೂಜಿ ಮಾಡಾಕತ್ತೀರೇನ್ರಿ ಸರ? ಗಾಳಿ ಇಲ್ಲ, ಹುಳ ಇಲ್ಲ. ಕಾಯಿ ಹೆಂಗ ಹಿಡೀಬೇಕು ಅದು?"

ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಹಳದಿ ಪುಡಿ ದೀಪದ ಬೆಳಕಿನಲ್ಲಿ ತೇಲಿತು. ಅಷ್ಟೇ ಕೆಲಸ. ಗೊಂಚಲಿಗೆ ಎರಡೇ ಹೂ ಉಳಿಸಿ ಮಿಕ್ಕವನ್ನು ಚಿವುಟಿದರು. ದೊಡ್ಡ ಹಣ್ಣು ಬೇಕಾದರೆ ಕಡಿಮೆ ಕಾಯಿ ಬಿಡಬೇಕಂತೆ. ಆಮೇಲೆ, ಉಳಿಸಿದ ಪ್ರತಿ ಹೂವಿನ ಬುಡದಲ್ಲಿದ್ದ ಹಸಿರು ಎಸಳುಗಳಲ್ಲಿ ಎರಡನ್ನು ಉಗುರಿನಿಂದ ಕತ್ತರಿಸಿದರು. ಯಾಕೆಂದು ಕೇಳಿದ್ದಕ್ಕೆ ತಾವೇ ನಕ್ಕರು. ಹೊಲದಲ್ಲಿ ಕ್ರಾಸ್ ಆದ ಹೂವಿಗೆ ಅದೇ ಗುರುತು. "ಕೈ ಕೇಳೂದಿಲ್ರಿ," ಎಂದರು.

ಇಷ್ಟು ವರ್ಷದಲ್ಲಿ ತಾವು ಕಟ್ಟಿಸಿದ ಒಂದು ಹಣ್ಣನ್ನೂ ಅವರು ತಿಂದಿರಲಿಲ್ಲ. ಹೊಲದಿಂದ ಹೊರಡುವಾಗ ಹೆಂಗಸರ ಬುತ್ತಿಚೀಲ ಬಿಚ್ಚಿ ನೋಡುತ್ತಾರೆ. ಮೊದಲ ಹಣ್ಣು ನಿಮಗೇ ಎಂದು ನಾನು ಮಾತು ಕೊಟ್ಟೆ.

ಹಣ್ಣು ಕೆಂಪಾಗುವ ಹೊತ್ತಿಗೆ ಮಾಲೀಕರು ನೀರಿನ ಪೈಪು ನೋಡಲು ಮೇಲೆ ಬಂದರು. ಅವರು ಬೀಜದ ಆರ್ಗನೈಸರ್, ಅಂದರೆ ಕಂಪನಿಯ ಪರವಾಗಿ ಹೊಲ ಮತ್ತು ಆಳುಗಳನ್ನು ಹೊಂದಿಸುವವರು. ಗಂಗವ್ವ ದುಡಿಯುತ್ತಿದ್ದುದೂ ಅವರ ಕೈಕೆಳಗೇ. ಹಣ್ಣನ್ನು ತಿರುಗಿಸಿ ತೊಟ್ಟಿನ ಎಸಳು ಎಣಿಸಿದರು. "ಇದನ್ನ ಯಾರು ಕ್ರಾಸ್ ಮಾಡ್ಯಾರ್ರಿ?"

ಹೆಮ್ಮೆಯಿಂದ ಹೆಸರು ಹೇಳಿದೆ. ಇಪ್ಪತ್ತು ವರ್ಷ ಸುದ್ದಿಮನೆಯಲ್ಲಿದ್ದವನು, ಪೊಲೀಸರು ಕೇಳಿದರೂ ಸುದ್ದಿಮೂಲದ ಹೆಸರು ಬಿಟ್ಟುಕೊಡದವನು, ಒಂದು ಟೊಮೆಟೊ ಮುಂದೆ ನಿಂತು ಹೇಳಿಬಿಟ್ಟೆ.

ಮರುದಿನ ಹೆಂಗಸರನ್ನು ಹೊಲಕ್ಕೆ ಒಯ್ಯುವ ಟಂಟಂ ಆಟೊ ಗಂಗವ್ವನ ಮನೆ ಮುಂದೆ ನಿಲ್ಲಲಿಲ್ಲ. ಕಂಪನಿಯ ಪರಾಗ ಕದ್ದು ಹೊರಗೆ ಒಯ್ದಳೆಂಬ ಮಾತು ಮಧ್ಯಾಹ್ನದೊಳಗೆ ಓಣಿ ತುಂಬಿತ್ತು. ಕೆಳಗಿಳಿದು ಮಾಲೀಕರಿಗೆ ವಿವರಿಸಿದೆ: ಬೀಜ ನನ್ನದು, ಗಿಡ ನನ್ನದು, ಗಂಗವ್ವ ಹೂವನ್ನು ತಟ್ಟಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ, ಎಸಳು ಕಿತ್ತದ್ದು ಬರೀ ರೂಢಿ. ಅವರು ಸಮಾಧಾನದಿಂದ ಕೇಳಿಸಿಕೊಂಡರು.

"ರೂಢಿ ಅನ್ನೂದು ನನಗೂ ಗೊತ್ತೈತ್ರಿ ಸಾಹೇಬ್ರ. ಆದ್ರ ಉಳಿದವರು ಕಲೀಬೇಕಲ್ಲ. ನೀವು ಹೊರಗಿನವರು, ನಿಮಗ್ಯಾಕ ಇದು?"

ತಪ್ಪಿಲ್ಲವೆಂದು ತಿಳಿದೂ ಶಿಕ್ಷೆ ಕೊಟ್ಟವರು ನನಗೆ ಚಹಾ ತರಿಸಿದರು. ಕುಡಿಯಲಿಲ್ಲ. ಕುಡಿಯದೆ ಎದ್ದು ಬಂದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಬೇರೆ ಆರ್ಗನೈಸರುಗಳೂ ಗಂಗವ್ವನನ್ನು ಕೆಲಸಕ್ಕೆ ಕರೆಯಲಿಲ್ಲ.

ಹಣ್ಣನ್ನು ಅವರ ಮನೆಗೆ ಒಯ್ದೆ. ಗಂಗವ್ವ ಅದನ್ನು ಈಳಿಗೆಯಲ್ಲಿ ಹೆಚ್ಚಿ, ಉಪ್ಪು ಹಚ್ಚಿ, ಅರ್ಧ ನನಗೇ ಕೊಟ್ಟರು. ಬಯ್ಯಲಿಲ್ಲ. "ನೀವು ನಿಮ್ಮೂರಿಗೆ ಹೋಗ್ತೀರಿ. ನಾ ಇಲ್ಲೇ ಇರಾಕಿ," ಎಂದರು, ಅಷ್ಟೇ. ಈ ಬರಹದಲ್ಲಿ ಅವರ ಹೆಸರು ಬದಲಿಸಿದ್ದೇನೆ. ಆ ಎಚ್ಚರ ಬೇಕಾಗಿದ್ದುದು ಅಂದು.

ಮಾಲೀಕರ ಮಹಡಿ ಬಿಟ್ಟು ಗಂಗವ್ವನ ಓಣಿಯಲ್ಲೇ ಬಾಡಿಗೆಗೆ ಬಂದಿದ್ದೇನೆ. ಅವರಿಗೀಗ ರೊಟ್ಟಿ ಮಾರುವುದೇ ದುಡಿಮೆ. ಮೈಸೂರಿಗೆ ಹೋದರೆ ಅಕ್ಕ ನನ್ನ ಮಾತಿನ ಧಾಟಿ ಕೇಳಿ ನಗುತ್ತಾಳೆ. ಇಲ್ಲಿ ನಾನು ಇನ್ನೂ ಮೈಸೂರು ಸಾಹೇಬ, ಬೇಕೆಂದಾಗ ರೈಲು ಹತ್ತಬಲ್ಲವನು. ಟಬ್ಬನ್ನೂ ತಂದಿದ್ದೇನೆ. ಮೊನ್ನೆ ಹೊಸ ಹೂ ಬಿಟ್ಟಾಗ ಗಂಗವ್ವನೇ ಬಂದು ತಟ್ಟಿದರು. ರೂಢಿಯಂತೆ ಉಗುರು ಹಸಿರು ಎಸಳಿನವರೆಗೂ ಹೋಯಿತು. ನನ್ನ ಮುಖ ನೋಡಿ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.