ಲಾಂಚು ಉಳಿಸಿದ್ದು ಯಾರು?

ತಪ್ಪು ಎಂದು ಕೆಂಪು ಶಾಯಿಯಲ್ಲಿ ಗೀಚುವುದು ಎಷ್ಟು ಸುಲಭ! ಜಪಾನಿನ ಮತ್ಸುಯಾಮಾದ ನಮ್ಮ ವಿಶ್ವವಿದ್ಯಾಲಯದಲ್ಲಿ ಆ ಶಾಯಿಗೆ ಬರವಿಲ್ಲ. ಈ ಸಲ ಅದು ಸುರಿದದ್ದು ಕುವಾಬರಾ ಚಿಜುರು ಎಂಬ ಹುಡುಗಿಯ ಇಂಗ್ಲಿಷ್ ಪ್ರಬಂಧದ ಮೇಲೆ. ಸ್ಪರ್ಧೆಯಲ್ಲಿ ಗೆದ್ದವರಿಗೆ ಒಂದು ವರ್ಷ ಕೆನಡಾದಲ್ಲಿ ಓದು. ಇರುವುದು ಒಂದೇ ಸೀಟು. ವಿಷಯ: ನೀವು ಬದಲಾಯಿಸಿದ ಒಂದು ಸಂಗತಿ.

ಚಿಜುರು ಬದಲಾಯಿಸಿದ್ದು ಸಣ್ಣದನ್ನೇನಲ್ಲ. ಅವಳ ದ್ವೀಪಕ್ಕೆ ಬರುವ ಲಾಂಚನ್ನು ನಿಲ್ಲಿಸುತ್ತೇವೆಂದು ಕಂಪನಿ ಹೇಳಿದಾಗ, ಮನೆಮನೆ ಸುತ್ತಿ ಮನವಿಗೆ ಸಹಿಯ ಬದಲು ಅವರವರ ಹೆಸರಿನ ಮುದ್ರೆ ಒತ್ತಿಸಿಕೊಂಡು ನಗರಸಭೆಯ ಬಾಗಿಲಲ್ಲಿ ಕೂತವಳು ಅವಳೇ. ಆದರೆ ಬರೆದದ್ದೇನು? ಮೊದಲು ಶರತ್ಕಾಲದ ಸಮುದ್ರ, ಕಿತ್ತಳೆಯ ಘಮ. ಆಮೇಲೆ ಮುದುಕರ ಸಂಕಟ, ಕಂಪನಿಯ ಕಷ್ಟ. ಕೊಟ್ಟಕೊನೆಗೆ, ‘ಎಲ್ಲರ ದಯೆಯಿಂದ ಲಾಂಚು ಉಳಿಯಿತು.’ ಅವಳು ಎಲ್ಲೂ ಇಲ್ಲ!

‘ವಿಷಯವೆಲ್ಲಿ? ನೀವೆಲ್ಲಿ?’ ಎಂದು ಬರೆದ ಕೆನಡಾದ ಪರೀಕ್ಷಕ, ಮರುದಿನ ಸಂಜೆಯೊಳಗೆ ತಿದ್ದಿ ಕೊಡಲು ಅವಕಾಶವನ್ನಾದರೂ ಕೊಟ್ಟ. ಅದರ ಕೆಳಗೇ ನಮ್ಮ ವಿಭಾಗದ ಮುಖ್ಯಸ್ಥರ ಷರಾ: ‘ಜಪಾನಿ ತಲೆಯ ದೋಷ.’

ದೋಷವಂತೆ! ನಿನ್ನನ್ನು ನೀನೇ ಮೆರೆಸಿಕೊಳ್ಳಬೇಡ, ಬಂದವಳೇ ವಿಷಯವನ್ನು ಮುಖಕ್ಕೆ ಎಸೆಯಬೇಡ ಎಂದು ಶಿಶುವಿಹಾರದಿಂದಲೂ ಕಲಿಸಿದವರು ಯಾರು ಸ್ವಾಮಿ? ಇಂಗ್ಲಿಷಿನಲ್ಲಿ ಓದುವವನು ಬೇರೆಯದನ್ನೇ ಹುಡುಕುತ್ತಾನೆ ಎಂದು ಒಂದು ದಿನವಾದರೂ ಹೇಳಿಕೊಟ್ಟಿರಾ?

ಹೇಳಿಕೊಡಲು ಕೂತವರು ಬರವಣಿಗೆ ತಿದ್ದುವ ಮೇಷ್ಟ್ರು ತ್ಸುಕುದಾ ಒಬ್ಬರೇ.

“ನಗರಸಭೆಗೆ ಯಾರಮ್ಮ ಹೋಗಿದ್ದು?”

“ಎಲ್ರೂ ಹೋಗಿದ್ವಿ, ಸೆನ್ಸೇ.”

“ಮೊದಲು ಮಾತಾಡಿದ್ದು?”

“ಅದು... ಹಂಗೇ ಮಾತು ಬಂತು.”

“ಬಾಯಿಲ್ದೆ ಮಾತು ಬಂತಾ?”

ಚಿಜುರು ತಲೆ ತಗ್ಗಿಸಿದಳು. “ನಾನು ಅಂತ ಬರೆದ್ರೆ ಊರಿನವರ ಮುಖ ಹೆಂಗೆ ನೋಡ್ಲಿ?”

“ಊರಿನವರನ್ನೇ ಕೇಳು,” ಎಂದರು ಮೇಷ್ಟ್ರು.

ಅಲ್ಲಿಂದಲೇ ಅವಳು ದ್ವೀಪದ ಪಕ್ಕದ ಮನೆಯ ಇನೆ ಅಜ್ಜಿಗೆ ಫೋನು ಹಚ್ಚಿದಳು. ಅಜ್ಜಿಯ ದನಿ ಕೋಣೆಗೆಲ್ಲ ಕೇಳಿಸಿತು.

“ಲೇ ಪೆದ್ದಿ! ಮೀನು ಹೆಚ್ತಿದ್ದ ನನ್ನನ್ನ ಎಬ್ಬಿಸಿ, ಹುರುಪೆ ಮೆತ್ಕೊಂಡಿದ್ದ ಕೈಯಲ್ಲೇ ಮುದ್ರೆ ಒತ್ತಿಸ್ಕೊಂಡ್ಯಲ್ಲೇ! ನೀನಲ್ದೆ ಇನ್ಯಾರು, ಕಡಲಕಾಗೆ ಬಂದಿತ್ತಾ?”

“ಜಂಬ ಅನ್ಸಲ್ವಾ ಅಜ್ಜಿ?”

“ಸುಳ್ಳು ಬರೆದ್ರೆ ಜಂಬ. ಬರಿಯೇ ಸುಮ್ನೆ, ನನ್ನ ಮೀನು ಬಿಸಿಲಿಗೆ ಬಾಡ್ತಿದೆ!”

ಚಿಜುರು ಬರೆದಳು ನೋಡಿ! ಪೆನ್ನು ಹಾಳೆ ಹರಿಯುವಂತೆ ಓಡಿತು. ಮೊದಲ ಸಾಲೇ, ‘ನಮ್ಮ ಲಾಂಚು ನಿಲ್ಲದಂತೆ ನಾನು ತಡೆದೆ.’ ಆಮೇಲೆ ಬಾಗಿಲುಗಳು, ಮೀನಿನ ಹುರುಪೆ ಮೆತ್ತಿದ ಮುದ್ರೆ, ನಗರಸಭೆಯ ಮೆಟ್ಟಿಲು. ಕೊನೆಯಲ್ಲಿ ಮತ್ತೆ ಅದೇ: ‘ಎಲ್ಲರ ದಯೆಯಿಂದ.’ ಮೇಷ್ಟ್ರ ಕೆಂಪು ಪೆನ್ನು ಅದರ ಮೇಲೆ ಇಳಿಯುವಷ್ಟರಲ್ಲಿ ಅವಳು ಹಾಳೆಯ ಮೇಲೆ ಅಂಗೈ ಊರಿದಳು.

“ಇದು ತಪ್ಪಲ್ಲ, ಸೆನ್ಸೇ. ಇದೂ ನಿಜಾನೇ.”

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು. ನಮ್ಮ ವಿಭಾಗದಲ್ಲಿ ಅಂಥದ್ದನ್ನು, ಪಕ್ಕದ ಮೇಜಿನಲ್ಲಿ ಕೂತಿದ್ದ ನಾನು ಕಂಡದ್ದು ಅದೇ ಮೊದಲು.

ಸೂಚನಾ ಫಲಕದಲ್ಲಿ ಚಿಜುರುವಿನ ಹೆಸರು ಬಂದ ದಿನ ಅವಳು ಹುಚ್ಚು ಹಿಡಿದವಳಂತೆ ಕುಣಿದಳು. ಅಲ್ಲೇ ನಿಂತು ಅಜ್ಜಿಗೆ ಫೋನು ಮಾಡಿ ಏದುಸಿರು ಬಿಡುತ್ತಾ ಹೇಳಿದಳು:

“ಅಜ್ಜೀ, ನಿಮ್ಮೆಲ್ಲರ ದಯೆಯಿಂದ ಸೀಟು ಸಿಕ್ಕಿಬಿಡ್ತು!”

“ಶುರುವಾಯ್ತು ನೋಡು!” ಅಜ್ಜಿ ಕಿರುಚಿದಳು. “ಪ್ರಬಂಧ ನಾನು ಬರೆದ್ನೇನೇ?”